ನಾಲ್ಕು ಜನರ ಮುಂದಿನ ಮುಖ

‘ಮುಖ ಕೊಟ್ಟು ಮಾತಾಡು’ ಎನ್ನಿಸಿಕೊಳ್ಳದೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾವ ಮಗುವೂ ಬೆಳೆಯುವುದಿಲ್ಲ. ಬಂದ ನೆಂಟರನ್ನು ಮಾತಾಡಿಸಬೇಕು, ಬೀಗರ ಮುಂದೆ ನಗುನಗುತ್ತ ಓಡಾಡಬೇಕು, ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನು ಉಣ್ಣಬೇಕು, ವಾಲಗದ ಸದ್ದಿಗೆ ಕಿವಿ ಮುಚ್ಚಿಕೊಳ್ಳಬಾರದು. ಹೆಚ್ಚಿನವರಿಗೆ ಇದೆಲ್ಲ ತಾನಾಗಿ ಬರುತ್ತದೆ. ಕೆಲವರು ಮಾತ್ರ ಒಂದೊಂದನ್ನೂ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಡಬೇಕು, ಯಾವ ಮಾತಿಗೆ ನಗಬೇಕು, ಊಟವಾಯಿತೇ ಎಂದು ಎಷ್ಟನೆಯ ಮಾತಿಗೆ ಕೇಳಬೇಕು ಎಂಬ ಲೆಕ್ಕ ಅವರೊಳಗೆ ನಡೆಯುತ್ತಲೇ ಇರುತ್ತದೆ. ವಯಸ್ಸು ಮೂವತ್ತೋ ನಲವತ್ತೋ ದಾಟಿದ ಮೇಲೆ ತನಗಿರುವುದು ಆಟಿಸಂ ಎಂದು ಗೊತ್ತಾದರೆ, ಇಷ್ಟು ವರ್ಷ ಕಷ್ಟಪಟ್ಟು ಕಲಿತ ಈ ಮುಖವನ್ನು ಏನು ಮಾಡುವುದು?

ತೆಗೆದುಬಿಡಿ ಎನ್ನುತ್ತದೆ ಡೆವನ್ ಪ್ರೈಸ್ ಅವರ ‘ಅನ್‌ಮಾಸ್ಕಿಂಗ್ ಆಟಿಸಂ’ (2022). ಷಿಕಾಗೊದ ಲೊಯೋಲಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಸಾಮಾಜಿಕ ಮನೋವಿಜ್ಞಾನಿ ಪ್ರೈಸ್ ತಮಗೆ ಆಟಿಸಂ ಇದೆಯೆಂದು ತಿಳಿದದ್ದು ದೊಡ್ಡವರಾದ ಮೇಲೆಯೇ. ಹೀಗಾಗಿ ಪುಸ್ತಕದಲ್ಲಿ ಸಂಶೋಧನೆಯ ಜೊತೆಗೆ ಅನುಭವಿಸಿದವರ ತುರ್ತೂ ಇದೆ. ಅದರ ದೊಡ್ಡ ಉಪಕಾರವೆಂದರೆ ಮುಖವಾಡ ಹಾಕಿಕೊಂಡವರನ್ನು ಸುಳ್ಳುಗಾರರೆಂದು ಕರೆಯದಿರುವುದು. ಬದುಕುಳಿಯಲು ಬೇಕಾದ್ದನ್ನು ಅವರು ಮಾಡಿದ್ದಾರೆ, ಅದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ ಎಂಬುದು ಪ್ರೈಸ್ ನಿಲುವು. ಆ ಬೆಲೆ ಊಹೆಯ ಮಾತಲ್ಲ. ಲಾರಾ ಹಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 92 ಮಂದಿ ವಯಸ್ಕರು ಹೇಳಿಕೊಂಡದ್ದರಲ್ಲಿ ಎದ್ದು ಕಂಡದ್ದು ದಣಿವು. ಹೀಗೆ ಮರೆಮಾಚುವುದಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆಯೆಂದು 2018ರಲ್ಲಿ ಸಾರಾ ಕ್ಯಾಸಿಡಿ ಅವರ ತಂಡ ತೋರಿಸಿತು. 2020ರಲ್ಲಿ ಡೋರಾ ರೇಮೇಕರ್ ಮತ್ತು ಸಂಗಡಿಗರು ವಿವರಿಸಿದ ‘ಆಟಿಸ್ಟಿಕ್ ಬರ್ನ್‌ಔಟ್’ ಇನ್ನೂ ಘೋರ. ಅದರಲ್ಲಿ ಸುಸ್ತು ತಿಂಗಳುಗಟ್ಟಲೆ ಬಿಡುವುದಿಲ್ಲ, ಬರುತ್ತಿದ್ದ ಕೆಲಸ ಕೈತಪ್ಪುತ್ತದೆ, ಸಣ್ಣ ಸದ್ದೂ ತಾಳಲಾಗುವುದಿಲ್ಲ.

ಮುಖವಾಡ ಈ ಸೀಮೆಗೆ ಹೊಸದೇನಲ್ಲ. ಗ್ರಾಮದೇವತೆಯ ಜಾತ್ರೆಯಲ್ಲಿ ಸೋಮನ ಕುಣಿತ ಈಗಲೂ ನಡೆಯುತ್ತದೆ. ದೊಡ್ಡ ಸೋಮನ ಮುಖ ಹೊತ್ತವನು ಯಾರ ಮನೆಯವನೆಂದು ಊರಿಗೆಲ್ಲ ಗೊತ್ತು, ಅದು ಭಾರವೆಂದೂ ಗೊತ್ತು, ಕುಣಿತ ಮುಗಿದ ಮೇಲೆ ಅದು ಕೆಳಗಿಳಿಯುತ್ತದೆಂದೂ ಗೊತ್ತು. ಆಟಿಸಂ ಇರುವವರು ಹೊತ್ತ ಮುಖದ ಬಗ್ಗೆ ಈ ಮೂರರಲ್ಲಿ ಒಂದೂ ಯಾರಿಗೂ ಗೊತ್ತಿರುವುದಿಲ್ಲ.

ಪುಸ್ತಕ ಸೊರಗುವುದು ದಾರಿ ತೋರಿಸುವಾಗ. ಹೆದರ್ ಮಾರ್ಗನ್ ಎಂಬವರು ರೂಪಿಸಿದ ಅಭ್ಯಾಸವೊಂದನ್ನು ಪ್ರೈಸ್ ಓದುಗರಿಂದ ಮಾಡಿಸುತ್ತಾರೆ. ಜೀವ ತುಂಬಿ ಬದುಕಿದೆ ಅನ್ನಿಸಿದ ಐದು ಗಳಿಗೆಗಳನ್ನು ನೆನೆಯಬೇಕು, ಅವುಗಳಲ್ಲಿ ತಾನು ಯಾವುದಕ್ಕೆ ಬೆಲೆ ಕೊಟ್ಟೆನೆಂದು ಗುರುತಿಸಬೇಕು, ಕೆಲಸ, ಮನೆ, ಗೆಳೆತನವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ನೆನೆಯುವುದು ಒಳ್ಳೆಯದೇ. ಹೊಂದಿಸಿಕೊಳ್ಳುವ ಮಾತು ಬಂದಾಗ, ಸ್ವಂತ ಕೋಣೆ, ಸ್ವಂತ ಸಂಬಳ, ಬಿಟ್ಟುಹೋಗಲು ಇನ್ನೊಂದು ಊರು ಇರುವ ಓದುಗರೇ ಲೇಖಕರ ಕಣ್ಣ ಮುಂದೆ ಇದ್ದಂತಿದೆ. ಮುಖವಾಡ ತೆಗೆಯುವುದು ಎಲ್ಲರಿಗೂ ಸುರಕ್ಷಿತವಲ್ಲ ಎಂದು ಪ್ರೈಸ್ ಒಪ್ಪುತ್ತಾರೆ. ಆಟಿಸಂ ಇರುವ ಕಪ್ಪು ಜನರಿಗೆ ಪೊಲೀಸರಿಂದ ಬರುವ ಅಪಾಯವನ್ನೂ ಬರೆಯುತ್ತಾರೆ. ಆದರೆ ತುರುವೇಕೆರೆಯ ಕೂಡುಕುಟುಂಬದಲ್ಲಿರುವ ಸೊಸೆಗೆ ಪೊಲೀಸರ ಭಯವಿಲ್ಲ. ಅವಳ ಭಯ ಅಡುಗೆಮನೆಯಲ್ಲೇ ಇದೆ. ಅವಳು ಒಂದು ದಿನ ಮಾತು ಕಡಿಮೆ ಮಾಡಿದರೆ ‘ಎಷ್ಟು ಜಂಭ’ ಎನ್ನುತ್ತಾರೆ, ಕೋಣೆ ಸೇರಿದರೆ ‘ತೌರಿನವರು ಏನು ಕಲಿಸಿದ್ದಾರೋ’ ಎನ್ನುತ್ತಾರೆ.

ಮುಖವಾಡ ಬೇಡದ ಜಾಗಗಳು ಇಲ್ಲಿ ಇಲ್ಲವೆಂದಲ್ಲ. ತೆಂಗಿನ ತೋಟದಲ್ಲಿ ಇಡೀ ದಿನ ಒಬ್ಬರೇ ಇದ್ದರೂ ಯಾರೂ ಕೇಳುವುದಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಣಗಲು ಒಂದು ವರ್ಷದಷ್ಟು ಕಾಲ ಬೇಕು. ಅಲುಗಾಡಿಸಿ, ಒಳಗಿನ ಸದ್ದು ಕೇಳಿ, ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ತಿಳಿಯುವ ಕೆಲಸಕ್ಕೆ ಚುರುಕು ಕಿವಿ ಮತ್ತು ತಾಳ್ಮೆ ಸಾಕು, ಮಾತು ಬೇಡ. ‘ಅವನು ಯಾರ ಜೊತೆಗೂ ಬೆರೆಯಲ್ಲ, ತೋಟ ಮಾತ್ರ ಚೆನ್ನಾಗಿ ನೋಡ್ಕೋತಾನೆ’ ಎನ್ನುತ್ತ ಗಂಡಸೊಬ್ಬನನ್ನು ಊರು ಅವನ ಪಾಡಿಗೆ ಬಿಡುವುದುಂಟು. ಇದನ್ನು ಹಳ್ಳಿಯ ಹಿರಿಮೆಯೆಂದು ಕೊಂಡಾಡಲು ಮನಸ್ಸಾಗುತ್ತದೆ. ಆದರೆ ಈ ರಿಯಾಯಿತಿ ತೋಟವಿದ್ದವರಿಗೆ, ಅದರಲ್ಲೂ ಗಂಡಸರಿಗೆ. ಕೊಬ್ಬರಿ ಮಂಡಿಗೆ ಹೋಗಿ ವ್ಯವಹಾರ ಕುದುರಿಸಬೇಕಾದ ದಿನ ಅವನೂ ಮತ್ತೆ ಕಲಿತ ಮುಖವನ್ನೇ ಹೊರಬೇಕು.

ಆಟಿಸಂ ಇದೆಯೆಂದು ಗೊತ್ತಾಗುವ ಬಗೆಯಲ್ಲೇ ತೊಡಕಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವಿಕಲತೆಗಳಲ್ಲಿ ಆಟಿಸಂ ಕೂಡ ಇದೆ. ಪ್ರಮಾಣಪತ್ರಕ್ಕಾಗಿ ಅಳೆಯಲು ಬಂದ ಭಾರತೀಯ ಮಾಪನ ‘ಇಸಾ’ದಲ್ಲಿ 40 ಅಂಶಗಳಿದ್ದು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಕಣ್ಣಲ್ಲಿ ಕಣ್ಣಿಡುತ್ತಾರೆಯೇ, ನಗುವಿಗೆ ನಗುತ್ತಾರೆಯೇ, ದೂರ ಉಳಿಯುತ್ತಾರೆಯೇ ಎಂದು ಶುರುವಿನಲ್ಲೇ ನೋಡಲಾಗುತ್ತದೆ. ಇವೆಲ್ಲ ಸೊಸೆಯಾದವಳು ಕಣ್ಣೀರಿಟ್ಟು ಕಲಿತು ಮುಗಿಸಿರುವ ಪಾಠಗಳು. ಮಗುವಿನಲ್ಲಿ ಹೊರಗೆ ಕಾಣುವುದನ್ನು ಹಿಡಿಯಲು ಈ ಮಾಪನ ನೆರವಾಗಬಹುದು. ದೊಡ್ಡವರು ಒಳಗೆ ಪಡುವ ಪಾಡು ಅದರ ಕಣ್ಣಿಗೆ ಬೀಳದು. ಹಲ್ ತಂಡದ ‘ಕ್ಯಾಟ್-ಕ್ಯೂ’ ಎಂಬ 25 ಹೇಳಿಕೆಗಳ ಪಟ್ಟಿ ಕೇಳುವುದು ಆ ಪಾಡನ್ನೇ. ಮಾತಿಗೆ ಮುಂಚೆ ತಯಾರಿ ಮಾಡುತ್ತೀರಾ, ಮುಖಭಾವವನ್ನು ಕಾಯುತ್ತಿರುತ್ತೀರಾ, ಜನರ ನಡುವೆ ನಟಿಸುತ್ತಿದ್ದೇನೆ ಅನ್ನಿಸುತ್ತದೆಯೇ ಎಂಬ ಧಾಟಿ ಅದರದು. ಅದು ಪ್ರಮಾಣಪತ್ರ ಕೊಡುವ ಸಾಧನವಲ್ಲ. ಆದರೂ ವಯಸ್ಕರನ್ನು ನೋಡುವ ವೈದ್ಯರು ಕೇಳಬೇಕಾದ ಪ್ರಶ್ನೆಗಳು ಇಂಥವೇ.

ಈ ವಿಚಾರದಲ್ಲಿ ಅತಿ ಮುಖ್ಯವಾದ ಅಧ್ಯಯನ ಆಟಿಸಂ ಇಲ್ಲದವರ ಬಗೆಗಿನದು. 2017ರಲ್ಲಿ ನೋವಾ ಸಾಸನ್ ಮತ್ತು ಸಂಗಡಿಗರು ಆಟಿಸಂ ಇರುವವರ ಕೆಲವೇ ಸೆಕೆಂಡುಗಳ ದೃಶ್ಯಗಳನ್ನು ಜನರಿಗೆ ತೋರಿಸಿದರು. ಅಷ್ಟರಲ್ಲೇ ನೋಡಿದವರಿಗೆ ಇವರು ಬೇಡ ಅನ್ನಿಸಿಬಿಟ್ಟಿತು. ಅದೇ ವ್ಯಕ್ತಿಗಳ ಮಾತನ್ನು ಬರಹದಲ್ಲಿ ಮಾತ್ರ ಕೊಟ್ಟಾಗ ಆ ಅಸಮಾಧಾನ ಕಾಣಲಿಲ್ಲ. ಅಂದರೆ ತಕರಾರು ಆಡಿದ ಮಾತಿನ ಬಗ್ಗೆ ಇರಲಿಲ್ಲ, ಆಡಿದ ರೀತಿಯ ಬಗ್ಗೆ ಇತ್ತು. ಹೆಣ್ಣು ನೋಡುವ ಶಾಸ್ತ್ರವೂ ಇಂಥದೇ ಕೆಲ ನಿಮಿಷಗಳ ಪರೀಕ್ಷೆ. ತಟ್ಟೆ ಹಿಡಿದು ಬಂದವಳು ಹೇಗೆ ಕೂತಳು, ಯಾರ ಮುಖ ನೋಡಿದಳು ಎಂಬುದರ ಮೇಲೆ ಒಂದು ಬದುಕು ತೀರ್ಮಾನವಾಗುತ್ತದೆ. ಆ ಕೋಣೆಯಲ್ಲಿ ಮುಖವಾಡ ತೆಗೆ ಎಂದು ಹುಡುಗಿಗೆ ಹೇಳುವುದು ಕ್ರೌರ್ಯ.

ತಮ್ಮಂಥವರನ್ನು ಹುಡುಕಿಕೊಳ್ಳಿ ಎಂಬುದೂ ಪ್ರೈಸ್ ಕೊಡುವ ಸಲಹೆಗಳಲ್ಲೊಂದು. ಇದಕ್ಕೆ ಇಂಬುಕೊಟ್ಟದ್ದು ಕ್ಯಾಥರೀನ್ ಕ್ರಾಂಪ್ಟನ್ ಅವರ 2020ರ ಪ್ರಯೋಗ. ಒಬ್ಬರಿಂದೊಬ್ಬರಿಗೆ ಕಥೆ ದಾಟಿಸುವಾಗ ಆಟಿಸಂ ಇರುವವರೇ ಸೇರಿದ ಸಾಲು ಇಲ್ಲದವರ ಸಾಲಿಗೆ ಸಮನಾಗಿತ್ತು, ಇಬ್ಬರೂ ಬೆರೆತ ಸಾಲಿನಲ್ಲಿ ಮಾತ್ರ ಹೆಚ್ಚು ವಿವರ ಸೋರಿಹೋಯಿತು. ಇದೇ ಸಂಶೋಧಕರು 311 ಜನರೊಂದಿಗೆ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಪುಸ್ತಕದ ನಂತರ ಬಂದ ಈ ಫಲಿತಾಂಶ ಚಿಕ್ಕನಾಯಕನಹಳ್ಳಿಯಂಥ ಊರಿಗೆ ಸಮಾಧಾನದ ಸುದ್ದಿ. ತಮ್ಮಂಥವರು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಬಾಳಬೇಕಾದ್ದು ಅತ್ತೆ, ನಾದಿನಿ, ಅಣ್ಣತಮ್ಮಂದಿರ ಜೊತೆಯಲ್ಲೇ.

ಮುಖವಾಡದ ಚರ್ಚೆಯಿಂದ ಹೊರಗುಳಿಯುವವರನ್ನೂ ನೆನೆಯಬೇಕು. ಬಾಲ್ಯವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ, ಆಟಿಸಂ ಇರುವ ಲೇಖಕ ಟೀಟೊ ಮುಖೋಪಾಧ್ಯಾಯ ಅವರ ‘ಬಿಯಾಂಡ್ ದಿ ಸೈಲೆನ್ಸ್’ 2000ದಲ್ಲೇ ಬಂತು. ಬರವಣಿಗೆಯಲ್ಲೇ ಮಾತಾಡುವ ಅವರಂಥವರಿಗೆ ಮರೆಮಾಚುವ ಅವಕಾಶವೇ ಸಿಕ್ಕಿರಲಿಲ್ಲ.

ಪ್ರೈಸ್ ಪುಸ್ತಕದ ಕೊನೆಯ ಅಧ್ಯಾಯ ಸಮಾಜ ಏನೇನು ಬದಲಾಗಬೇಕೆಂದು ಹೇಳುತ್ತದೆ. ಅದು ಮೊದಲು ಬರಬೇಕಿತ್ತು. ಸುತ್ತಲಿನವರು ಒಂದು ಹೆಜ್ಜೆ ಇಟ್ಟ ಮೇಲಷ್ಟೇ ಮುಖವಾಡ ಇಳಿಸುವ ಧೈರ್ಯವನ್ನು ಯಾರಿಂದಲಾದರೂ ಕೇಳಲು ಸಾಧ್ಯ. ಆ ಹೆಜ್ಜೆಗೆ ದೊಡ್ಡ ಖರ್ಚಿಲ್ಲ. ಚೌಲ್ಟ್ರಿಯಲ್ಲಿ ವಾಲಗ, ಧ್ವನಿವರ್ಧಕದಿಂದ ದೂರದ ಕೋಣೆಯೊಂದನ್ನು ಖಾಲಿ ಬಿಡುವುದು, ಅಲ್ಲಿ ಕೂತವಳನ್ನು ‘ಆಚೆ ಬಾರಮ್ಮ’ ಎಂದು ಎಬ್ಬಿಸದಿರುವುದು, ಬೀಗರಿಗೆ ಮೊದಲೇ ಒಂದು ಮಾತು ಹೇಳಿಡುವುದು, ಕಣ್ಣು ನೋಡದೆ ಪಾಠ ಒಪ್ಪಿಸಿದ ಹುಡುಗನನ್ನು ಮೇಷ್ಟರು ಹಾಗೆಯೇ ಒಪ್ಪಿಕೊಳ್ಳುವುದು. ಕರ್ನಾಟಕದ ‘ಮನೋಚೈತನ್ಯ’ ಕಾರ್ಯಕ್ರಮ ಮಂಗಳವಾರದ ಕ್ಲಿನಿಕ್‌ ಮೂಲಕ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ತರುವ ಯೋಜನೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಿದ್ದೆಯಿಲ್ಲ, ತಲೆನೋವು, ಸುಸ್ತು ಎಂದು ಆ ಕ್ಲಿನಿಕ್ಕಿಗೆ ಬರುವ ಹೆಂಗಸನ್ನು, ಜನರ ಮುಂದೆ ಸರಿಯಾಗಿ ಕಾಣಿಸಿಕೊಳ್ಳಲು ನಿನಗೆಷ್ಟು ಕಷ್ಟವಾಗುತ್ತದಮ್ಮ ಎಂದು ಒಮ್ಮೆಯಾದರೂ ಕೇಳಬೇಕು.