ಬೆನ್ನ ಮೇಲಿನ ಬುರುಡೆ

ದೇಗಾಂವದ ಕಮಲನಾರಾಯಣ ಗುಡಿಯ ಕುಸುರಿಯನ್ನು ಹೊಗಳುವವರು ಬಹಳ. ಎಳ್ಳಿನ ಹೊಲದಲ್ಲಿ ಬೆಳೆಯುವ ಇನ್ನೊಂದು ಕುಸುರಿಯೂ ಅಷ್ಟೇ ಮೆಚ್ಚುಗೆಗೆ ತಕ್ಕದ್ದು. ಬೆನ್ನ ಮೇಲೆ ತಲೆಬುರುಡೆಯಂಥ ಗುರುತು ಹೊತ್ತ ಪತಂಗ, ಅಕೆರಾಂಟಿಯ ಸ್ಟಿಕ್ಸ್. ಅಕೆರಾಂಟಿಯ ಕುಲದಲ್ಲಿರುವುದು ಮೂರೇ ಜಾತಿ. ಅಟ್ರೊಪಾಸ್ ಆಫ್ರಿಕ, ಯುರೋಪುಗಳದು; ಲ್ಯಾಕೆಸಿಸ್ ಮತ್ತು ಸ್ಟಿಕ್ಸ್ ನಮ್ಮಲ್ಲಿವೆ. ಬುರುಡೆ ಮೂರಕ್ಕೂ ಇದೆ, ಆದ್ದರಿಂದ ಬುರುಡೆ ನೋಡಿ ಹೆಸರಿಟ್ಟರೆ ಮೋಸಹೋದಂತೆಯೇ. ಬಲ್ಲವರ ಕಣ್ಣು ಹಿಂದಿನ ರೆಕ್ಕೆಯ ಬುಡಕ್ಕೆ ಹೋಗುತ್ತದೆ: ಅಲ್ಲಿ ಕಪ್ಪು ಮಚ್ಚೆ ಕವಿದಿದ್ದರೆ ಲ್ಯಾಕೆಸಿಸ್, ಅರಿಸಿನದ ಬಣ್ಣವೇ ಬುಡದವರೆಗೂ ಇದ್ದು ಅದರಾಚೆ ಎರಡು ಕಪ್ಪು ಪಟ್ಟೆ ಹಾಯ್ದಿದ್ದರೆ ಸ್ಟಿಕ್ಸ್. ಅಂಗುಲದಷ್ಟು ಜಾಗದಲ್ಲಿ ಎಂಥ ನಿಖರ ಬರಹ!

ಎಳ್ಳಿನ ಎಲೆ ತಿನ್ನುವ ಹುಳಕ್ಕೆ ಇಷ್ಟು ಗೌರವ ಏಕೆ ಎನ್ನಬಹುದು. ಆಕ್ಷೇಪಣೆ ನ್ಯಾಯವಾದದ್ದೇ, ಬಾಲದಲ್ಲಿ ಡೊಂಕು ಕೊಂಬಿನ, ಮೈಮೇಲೆ ಓರೆಗೆರೆಯ ಆ ದಪ್ಪ ಹುಳ ಗಿಡವನ್ನು ಬೋಳಿಸಬಲ್ಲದು. ಆದರೆ ಹುಳವನ್ನೂ ಪತಂಗವನ್ನೂ ಒಂದೇ ಜೀವವೆಂದು ಜೋಡಿಸಿ ತೋರಿಸುವುದೇ ವರ್ಗೀಕರಣದ ಕಸುಬು. ಕಾರವಾರದ ಕಡೆ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಹುಳಗಳನ್ನು ಸಾಕಿ ನೋಡಿದವರು. ಎಫ್. ಬಿ. ಸ್ಕಾಟ್ ಜೊತೆ ಅವರು ಬರೆದ, 1937ರಲ್ಲಿ ಬಂದ, ಈ ಪತಂಗವೂ ಸೇರುವ ಗಿಡುಗಪತಂಗಗಳ ಸಂಪುಟದಲ್ಲಿ ರೆಕ್ಕೆಯಷ್ಟೇ ಅಲ್ಲ, ಹುಳ, ಕೋಶ, ಮೇವಿನ ಗಿಡಗಳೂ ಇವೆ. ಸತ್ತ ಪತಂಗಕ್ಕೆ ಸೂಜಿ ಚುಚ್ಚಿದ್ದರಷ್ಟೇ ಈ ವಿವರ ಸಿಗುತ್ತಿರಲಿಲ್ಲ. ಎಲೆ ತಿಂದು ಬೆಳೆದ ಆ ಹುಳವೇ ಸ್ಟಿಕ್ಸ್ ಪತಂಗವಾಗಿ, ಅರಬಸ್ತಾನದ ಕಡೆಯಿಂದ ಜಪಾನಿನವರೆಗೆ ಹಬ್ಬಿದ ಜೀವವಾಗಿ, ಜೇನುಗೂಡಿಗೆ ನುಗ್ಗಿ, ಗಿಡ್ಡ ಗಟ್ಟಿ ಸೊಂಡಿಲಿನಿಂದ ತುಪ್ಪ ಹೀರಿ, ಮುಟ್ಟಿದರೆ ಇಲಿಯಂತೆ ಚೀರುತ್ತದೆ.