ಮಾಳಿಗೆಯ ಪದಕ್ಕೆ ಗಿಟಾರಿನ ಮೇಳ



ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡುವ ಹೊಸ ರೀತಿಯನ್ನು ಅನುಸರಿಸಿ ತಾವೂ ಹಾಡುವೆವೆಂದು ನಮ್ಮ ವಿದ್ಯಾರ್ಥಿನಿಲಯದ ಮಕ್ಕಳು ಕಳೆದ ವರ್ಷ ಅಪ್ಪಣೆ ಬೇಡಿದ್ದರು. ನಾವು ಆ ಹಾಡನ್ನು ಕೇಳದೆಯೇ ಬೇಡವೆಂದುಬಿಟ್ಟೆವು. ಈಚೆಗೆ ಪುತ್ತೂರಿನಿಂದ ಕಡಬದ ಮಾರ್ಗವಾಗಿ ಸುಳ್ಯಕ್ಕೆ ಹೋಗುವ ಪ್ರಸಂಗ ಬಂದಿತು. ಕಾರು ನಡೆಸುತ್ತಿದ್ದವರು ನಮ್ಮ ನಿಲಯದಲ್ಲಿಯೇ ಓದಿ ಈಗ ಸುಳ್ಯದಲ್ಲಿ ಅಧ್ಯಾಪಕರಾಗಿರುವವರು. “ಬುದ್ಧೀ, ಒಮ್ಮೆ ಕೇಳಿ ನೋಡಬೇಕು” ಎಂದು ರಘು ದೀಕ್ಷಿತರ ಹಾಡುಗಳನ್ನು ಹಾಕಿದರು.

2008ರಲ್ಲಿ ಹೊರಬಂದ ಆ ಧ್ವನಿಮುದ್ರಿಕೆಯಲ್ಲಿ ಶರೀಫರ ಎರಡು ಪದಗಳಿವೆ: ಗುಡುಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಮೈಸೂರಿನಲ್ಲಿ ಭರತನಾಟ್ಯವನ್ನೂ ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತ ಈ ಗಾಯಕರು ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಂಗಕ್ಕೇರುತ್ತಾರೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು. ಬೆಂಗಳೂರಿನ ‘ಸ್ವರಾತ್ಮ’ವೂ ಇದೇ ಜಾಡಿನ ತಂಡ. ಅವರ ಗಾಯಕರು ಕೀಲುಕುದುರೆಯಂತಹ ಬೊಂಬೆಕುದುರೆಯನ್ನು ಸೊಂಟಕ್ಕೆ ಕಟ್ಟಿ ಕುಣಿಯುವರಂತೆ. ಕುದುರೆಯ ವಿಷಯದಲ್ಲಿ ನಮ್ಮ ತಕರಾರೇನೂ ಇಲ್ಲ.

“ತತ್ತ್ವಪದಕ್ಕೆ ಇಷ್ಟು ಗದ್ದಲವೇಕೆ?” ಎಂದೆವು. ಅಧ್ಯಾಪಕರು ನಕ್ಕು, ತಮ್ಮ ಊರಿನ ಸಿದ್ಧವೇಷದ ಮಾತೆತ್ತಿದರು. ಸುಗ್ಗಿಯ ತಿಂಗಳಿನಲ್ಲಿ ಸುಳ್ಯದ ಕಡೆಯ ಗೌಡ ಸಮುದಾಯದವರು ರಾತ್ರಿ ಮನೆಮನೆಗೆ ಹೋಗಿ ವೇಷ ಕಟ್ಟಿ ಕುಣಿಯುವ ಕಲೆಯದು. ಸನ್ಯಾಸಿಯೂ ಅಲ್ಲಿ ಒಂದು ವೇಷವೇ, ನಗೆಯಾಟಕ್ಕೆ ಕೊರತೆಯಿಲ್ಲ. ಆದರೂ ಹೆಸರು ಸಿದ್ಧರದು, ಹಾಡಿನಲ್ಲಿ ಸ್ಮರಿಸುವುದೂ ಸಿದ್ಧರನ್ನೇ. ಆಟಿಯ ಮಳೆಯಲ್ಲಿ ತಾಳೆಗರಿಯ ಕೊಡೆ ಹಿಡಿದು ಬರುವ ಕಳಂಜನೂ ತೆಂಬರೆಯ ಬಡಿತಕ್ಕೆ ಕುಣಿದೇ ಮನೆಯ ಮಾರಿಯನ್ನು ಕಳೆಯುತ್ತಾನೆ. ಗದ್ದಲವೆಂಬ ನಮ್ಮ ಆಕ್ಷೇಪಣೆ ಅಲ್ಲಿಗೆ ನಿಲ್ಲಲಿಲ್ಲ.

ಹಾಗಾದರೆ ವಿಮರ್ಶೆಯ ಪ್ರಶ್ನೆ ಬೇರೆ: ಶಬ್ದದ ನಡುವೆ ಮಾತು ಉಳಿಯಿತೇ? ಗುಡುಗುಡಿಯ ಪದದಲ್ಲಿ ಉಳಿದಿದೆ, ಅಷ್ಟೇ ಅಲ್ಲ, ಬೆಳಗಿದೆ. ಸೇದುವ ಹುಕ್ಕಾದಲ್ಲಿ ಯೋಗವನ್ನು ಕಾಣಿಸುವ ಶರೀಫರ ತುಂಟತನಕ್ಕೆ ಈ ಕುಣಿತದ ಲಯ ತಕ್ಕ ಜೋಡಿ. ಭಕ್ತಿಯ ಗಾಂಭೀರ್ಯದಿಂದ ಅದನ್ನು ಎಳೆದೆಳೆದು ಹಾಡುವವರು ಆ ನಗೆಯನ್ನೇ ಕಳೆದಿದ್ದಾರೆಂದು ಈಗ ತೋರುತ್ತದೆ.

ಮಾಳಿಗೆಯ ಪದದಲ್ಲಿ ನಮಗೆ ಸಮಾಧಾನವಾಗಲಿಲ್ಲ. ಅದು ಶಿಥಿಲವಾಗುತ್ತಿರುವ ದೇಹವನ್ನು ಕುರಿತು, ಅರಿವಿಲ್ಲದೆ ಕಳೆದ ಆಯುಷ್ಯವನ್ನು ಕುರಿತು ಮರುಗುವ ಪದ. ಏಕತಾರಿ, ದಮ್ಮಡಿಗಳ ಭಜನೆಯಲ್ಲಿ ಮುಂದಿನವನು ನುಡಿಯನ್ನು ಹೇಳಿ ನಿಲ್ಲುತ್ತಾನೆ, ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಆ ಬಿಡುವಿನಲ್ಲಿ ಅರ್ಥ ಇಳಿಯುತ್ತದೆ. ಸಿ. ಅಶ್ವತ್ಥರ ಕಂಠದಲ್ಲಿ ಈ ಪದವನ್ನು ಕೇಳಿದವರು ಅಲ್ಲಿಯ ಅಳಲನ್ನು ಬಲ್ಲರು. ಇಲ್ಲಿಯಾದರೋ ವಾದ್ಯಗಳ ಉತ್ಸಾಹ ಆ ಬಿಡುವನ್ನು ತುಂಬಿಬಿಡುತ್ತದೆ. ಮನೆ ಸೋರುತ್ತಿರುವಾಗ ಹಬ್ಬವೇ ಎಂದು ಕೇಳಬೇಕೆನಿಸಿತು. ಕೇಳಿದೆವು ಕೂಡ.

“ಬುದ್ಧೀ, ನಾನು ಶರೀಫರನ್ನು ಹುಡುಕಿ ಓದಿದ್ದು ಇದನ್ನು ಕೇಳಿದ ಮೇಲೆಯೇ” ಎಂದರು ಅವರು. ನಮ್ಮ ನಿಲಯದಲ್ಲಿ ಐದು ವರ್ಷ ಇದ್ದವರು! ಅಷ್ಟು ಕಾಲ ನಾವು ಅವರಿಗೆ ಕೇಳಿಸಿದ್ದೇನು?

ಊರಿಗೆ ಮರಳಿ ಮಕ್ಕಳನ್ನು ಕರೆಸಿದೆವು. ಗುಡುಗುಡಿಯ ಪದವನ್ನು ನಿಮ್ಮಿಷ್ಟದಂತೆ ಹಾಡಿರಿ. ಮಾಳಿಗೆಯ ಪದವನ್ನು ಮಾತ್ರ ಮೊದಲು ಏಕತಾರಿಯಲ್ಲಿ ಕಲಿಯಿರಿ, ಆಮೇಲೆ ನೀವೇ ತೀರ್ಮಾನಿಸಿರಿ ಎಂದೆವು. ಏಕತಾರಿ ಮಠದಲ್ಲಿದೆ, ಗಿಟಾರನ್ನು ಅವರೇ ಹೊಂದಿಸಿಕೊಳ್ಳಬೇಕು.