ಪ್ರವೇಶಶುಲ್ಕವೋ, ಪಣವೋ?

ಶ್ರಾವಕಾಚಾರದ ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಕೌಶಲದ ಆಟ ಬೇರೆ ಎಂದು ಉಚ್ಚ ನ್ಯಾಯಾಲಯವು 2022ರಲ್ಲಿ ಕರ್ನಾಟಕದ 2021ರ ಆನ್‌ಲೈನ್ ಜೂಜು ನಿಷೇಧದ ಮುಖ್ಯ ವಿಧಿಗಳನ್ನು ರದ್ದುಪಡಿಸಿತ್ತು. ಕೇಂದ್ರದ 2025ರ ಕಾಯ್ದೆಯು ಹಣದ ಆಟಗಳಲ್ಲಿ ಆ ಭೇದವನ್ನೇ ತೊರೆದಿದೆ. ಅದು ಯುಕ್ತವೇ, ಶಕುನಿಯೂ ಕುಶಲನೇ ಅಲ್ಲವೆ?

ಆದರೆ ಇ-ಕ್ರೀಡೆಗಳಿಗೆ ಪ್ರವೇಶಶುಲ್ಕವೂ ಬಹುಮಾನವೂ ಸಮ್ಮತ. ಶುಲ್ಕವು ಪ್ರವೇಶಕ್ಕೆ ಅಥವಾ ಆಡಳಿತವೆಚ್ಚಕ್ಕೆ ಮಾತ್ರವೆಂಬ ನಿರ್ಬಂಧವಿದ್ದರೂ, ಲೆಕ್ಕ ಮರೆಯಲ್ಲಿದ್ದರೆ ಅದನ್ನು ಆಟಗಾರನು ತಿಳಿಯುವುದೆಂತು? ಸೋತವರ ಶುಲ್ಕವೇ ಗೆದ್ದವನ ಬಹುಮಾನವಾದರೆ ಅದು ಹೆಸರು ಬದಲಿಸಿದ ಪಣ.

ಮಂಡ್ಯ, ಮದ್ದೂರು, ಮಳವಳ್ಳಿಗಳ ತರುಣರು ಇಂಥ ಪಂದ್ಯಾವಳಿ ನಡೆಸುವುದಾದರೆ ಬಹುಮಾನವು ದಾನಿಗಳಿಂದ ಬರಲಿ, ತೀರ್ಪುಗಾರನು ತಾನೇ ಆಡದಿರಲಿ, ಜಮಾಖರ್ಚು ಬಸದಿಯ ಉತ್ಸವದ ಲೆಕ್ಕದಂತೆ ಫಲಕವೇರಲಿ. ಸಭಾಂಗಣ ಕೊಡುವ ಮುನ್ನ ಟ್ರಸ್ಟುಗಳು ಕೇಳಬೇಕಾದುದು ಈ ಮೂರನ್ನೇ.